ದಿಂಬಿನ ಮೇಲೆ ಹೆಣೆದ ಇಂಗ್ಲಿಷ್

ಮೊಮ್ಮಗಳು ನಿನ್ನೆ ಶಾಲೆಯಿಂದ ಓಡಿಬಂದು ನನ್ನ ಕೊರಳಿಗೆ ಜೋತುಬಿದ್ದಳು. ಕೊಟ್ಟ ಅಕ್ಷರಗಳಿರುವ ಉದ್ದನೆಯ ಇಂಗ್ಲಿಷ್ ಪದ ಹುಡುಕುವ ಪಂದ್ಯದಲ್ಲಿ ಇಡೀ ತಾಲೂಕಿಗೆ ಮೊದಲು ಬಂದಿದ್ದಾಳೆ! ಓಣಿಯ ಮನೆಮನೆಗೂ ಹೋಗಿ ಸಕ್ಕರೆ ಹಂಚಿ ಬಂದೆ, ಕಾಲು ನೆಲದ ಮೇಲೆ ನಿಲ್ಲಲೊಲ್ಲವು. ಆದರೆ ಸಂತೋಷ ಉಕ್ಕಿದಾಗಲೇ ಹಳೆಯ ನಾಚಿಕೆಯೂ ಉಕ್ಕುತ್ತದೆ ನೋಡಿ. ಅಕ್ಷರ ಹಿಡಿದು ಉದ್ದನೆಯ ಪದ ಹುಡುಕಿದವಳು ಈ ಮನೆಯಲ್ಲಿ ಅವಳೇ ಮೊದಲಿನವಳಲ್ಲ.

ನಾನು ತಿಳವಳ್ಳಿಯ ಹುಡುಗಿ. ಕನ್ನಡ ನಾಲ್ಕನೇ ಇಯತ್ತೆಗೆ ಶಾಲೆ ಬಿಡಿಸಿದರು. ಮಾಸ್ತರರು ಇಂಗ್ಲಿಷಿನ ಅಕ್ಷರಗಳನ್ನು ಪಾಟಿಯ ಮೇಲೆ ತಿದ್ದಿಸಿದ್ದರು, ಅಷ್ಟೇ. ಕೂಡಿಸಿ ಓದಲು ಬಾರದು. ದೊಡ್ಡ ಯುದ್ಧ ನಡೆದಿದ್ದ ಕಾಲದಲ್ಲಿ ಶಿಗ್ಗಾಂವದ ವರನೊಬ್ಬರು ಗೊತ್ತಾದರು. ಮ್ಯಾಟ್ರಿಕ್ ಪಾಸು, ಕಾಳಿನ ಅಡತಿ ಅಂಗಡಿಯಲ್ಲಿ ಕೆಲಸ. ತಾಯಿಯಿಲ್ಲದ ಅವರನ್ನು ಬೆಳೆಸಿದ್ದು ಸೋದರತ್ತೆ. ಆಕೆ ನಮ್ಮ ಪಡಸಾಲೆಯಲ್ಲೇ ಕುಳಿತು, "ಮ್ಯಾಟ್ರಿಕ್ ಹುಡುಗಗ ನಾಕನೇ ಇಯತ್ತೆ ಹುಡುಗೀನ?" ಎಂದು ಮೂಗು ಮುರಿದರು. ಅಪ್ಪ ಗಾಬರಿಯಾಗಿ, "ಇಂಗ್ಲೀಷೂ ಬರ್ತೈತ್ರಿ ಅಕಿಗೆ," ಎಂದುಬಿಟ್ಟ. ಅಪ್ಪನ ಮಾತು ಉಳಿಸುವುದು ನನ್ನ ಕೊರಳಿಗೆ ಬಿತ್ತು.

ಆಗ ನಮ್ಮಲ್ಲಿ ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಿಂದ ಆಡುತ್ತಿರಲಿಲ್ಲ. ಅದಕ್ಕೆ ನಮ್ಮೂರ ಹುಡುಗಿಯರು ಒಂದು ಉಪಾಯ ಮಾಡಿಕೊಂಡಿದ್ದರು. ಮದುವೆಗೆ ಮುಂಚೆ ತಲೆದಿಂಬಿನ ಗವಸಿನ ಮೇಲೆ ಒಂದು ಇಂಗ್ಲಿಷ್ ಪದವನ್ನು ಕಸೂತಿಯಲ್ಲಿ ಹೆಣೆಯಬೇಕು. ಅದರೊಳಗೆ ಗಂಡನ ಹೆಸರಿನ ಮೊದಲ ಅಕ್ಷರವೂ ತಮ್ಮದೂ ಅಡಗಿರಬೇಕು. ಪದ ಉದ್ದವಾದಷ್ಟೂ ಗುಟ್ಟು ಭದ್ರ. ಹತ್ತಿಮತ್ತೂರಿಗೆ ಕೊಟ್ಟಿದ್ದ ನಮ್ಮ ಅಕ್ಕ ಸಾಬೂನಿನ ಕಾಗದದ ಮೇಲಿದ್ದುದನ್ನೇ ಹೆಣೆದುಕೊಂಡು ಹೋಗಿದ್ದಳು. ಆ ಮನೆಯಲ್ಲಿ ಇಂಗ್ಲಿಷ್ ಬಲ್ಲವರೇ ಇರಲಿಲ್ಲ, ಬಚಾವಾದಳು.

ನನಗೆ ಬೇಕಾದದ್ದು ಅವರ 'ಆರ್', ನನ್ನ 'ಬಿ'. ಕಡ್ಡಿಪೆಟ್ಟಿಗೆ, ಚಿಮಣಿ ಎಣ್ಣೆಯ ಡಬ್ಬಿ, ಅಜ್ಜನ ಕೆಮ್ಮಿನ ಬಾಟಲಿ, ಬಟ್ಟೆಯ ತಾನಿನ ಮೇಲಿನ ಮುದ್ರೆ, ಯಾವುದನ್ನೂ ಬಿಡಲಿಲ್ಲ. ಒಂದರಲ್ಲಿ ಆರ್ ಇದ್ದರೆ ಬಿ ಇಲ್ಲ. ಎರಡೂ ಇದ್ದ ಒಂದೇ ಒಂದು ಪದ ಸಿಕ್ಕಿತು, ಅದರಲ್ಲಿ ಬಿ ಮುಂದೆ. ತವರಿಗೆ ಬಂದಿದ್ದ ಅಕ್ಕ ಅದನ್ನು ಬೇಡವೆಂದಳು. "ಹೇಣ್ತಿ ಮುಂದ, ಗಂಡ ಹಿಂದ? ಬೀಗರು ನಕ್ಕಾರು, ಹುಚ್ಚಿ!"

ಕಡೆಗೆ ಅಪ್ಪನ ಜೊತೆ ಹಾನಗಲ್ಲ ಸಂತೆಗೆ ಹೋದಾಗ ಭಾಗ್ಯ ತೆರೆಯಿತು. ಅಪ್ಪನಿಗೆ ಮಾಮಲೇದಾರ ಕಚೇರಿಯಲ್ಲಿ ಏನೋ ಕೆಲಸವಿತ್ತು. ಒಳಬಾಗಿಲಿನ ಬದಿಗೆ ಒಂದು ಹಲಗೆ, ಅದರ ಮೇಲೆ ಎರಡು ಪದ. ಉದ್ದನೆಯದರಲ್ಲಿ ಆರ್ ಮುಂದೆ, ಬಿ ಹಿಂದೆ! ನಾನು ಹೊಸ್ತಿಲು ದಾಟಿ, ಹಲಗೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ಒಂದೊಂದೇ ಅಕ್ಷರ ಬಾಯಿಪಾಠ ಮಾಡತೊಡಗಿದೆ.

"ಏ ತಂಗಿ, ಓದಾಕ ಬರ್ತೈತೇನ ಅದು?" ಎಂದ ಅಲ್ಲಿಯ ಸಿಪಾಯಿ.

"ಬರ್ತೈತ್ರಿ," ಎಂದೆ ಬಿಗಿಯಾಗಿ.

"ಬರೂದಾದ್ರ ಅಲ್ಲಿ ಯಾಕ ನಿಂತಿ?"

ಚೇಷ್ಟೆಯ ಮನುಷ್ಯ ಅಂದುಕೊಂಡೆ. ಚಕ್ಕಡಿಯಲ್ಲಿ ತಿಳವಳ್ಳಿಯವರೆಗೂ ಪಿ, ಆರ್, ಓ, ಎಚ್ ಎಂದು ಗುನುಗುತ್ತ ಬಂದೆ. ಅಪ್ಪ ಹಿಗ್ಗಿ ಎತ್ತುಗಳ ಬೆನ್ನು ಚಪ್ಪರಿಸಿದ. ಕೆಂಪು ದಾರದಲ್ಲಿ, ಹಿಂದೆ ಮುಂದೆ ಎಲ್ಲೂ ಗಂಟು ಕಾಣದ ಹಾಗೆ ಹೆಣೆದೆ. ಅಷ್ಟು ಚಂದದ ಕೆಲಸ ನನ್ನ ಕೈಯಿಂದ ಮತ್ತೆ ಆಗಲಿಲ್ಲ.

ಮದುವೆಯಾಗಿ ಶಿಗ್ಗಾಂವಕ್ಕೆ ಬಂದ ಮರುದಿನ, ಹೊಸ ಸೊಸೆಯ ಕೈಕೆಲಸ ನೋಡಲು ಓಣಿಯ ಹೆಂಗಸರೆಲ್ಲ ನೆರೆದರು. ಜೊತೆಗೆ ಬಂದಿದ್ದ ಅಕ್ಕ ಒಂದೊಂದನ್ನೇ ಜಮಖಾನೆಯ ಮೇಲೆ ಹಾಸಿದಳು. ಗವಸನ್ನು ಕಂಡು ಸೋದರತ್ತೆಯ ಮುಖ ಅರಳಿತು.

"ಅಯ್ಯ, ಖರೇನ ಇಂಗ್ಲೀಷ್ ಬರ್ತೈತಲ್ಲ ಹುಡುಗಿಗೆ! ಏನ್ರಿ, ಇತ್ತ ಬರ್ರಿ, ಏನ್ ಬರದಾಳ ಓದ್ರಿ."

ಆಕೆಯ ಗಂಡ ಸವಣೂರಿನಲ್ಲಿ ವಕೀಲರೊಬ್ಬರ ಗುಮಾಸ್ತರು. ಗವಸನ್ನು ದೂರ ಹಿಡಿದು ಓದಿದರು, ಮತ್ತೊಮ್ಮೆ ಓದಿದರು. ಬಾಯಲ್ಲಿದ್ದ ಎಲೆಅಡಿಕೆ ಹೊರಗೆ ಬರುವ ಹಾಗೆ ನಕ್ಕರು.

"ಪ್ರೊಹಿಬಿಟೆಡ್! ಮನಾಯಿ ಅಂತ. ಒಳಗ ಬರಬ್ಯಾಡ್ರಿ ಅಂತ ಕಚೇರಿ ಬಾಗಲಾಗ ಹಾಕಿರ್ತಾರಲ್ಲ, ಅದ!"

"ಗಂಡ ತಲಿ ಇಡೂ ದಿಂಬಿನ ಮ್ಯಾಲ ಮನಾಯಿ?" ಸೋದರತ್ತೆ ಎದೆ ಹಿಡಿದುಕೊಂಡರು. "ಬಂದ ಮರುದಿನಾನ ಬೋರ್ಡ್ ಹಾಕಿದ್ಲಲ್ರವ್ವಾ!"

ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಅಕ್ಕನಿಗೆ ತಡೆಯಲಾಗಲಿಲ್ಲ. "ಅರ್ಥ ನೋಡಬ್ಯಾಡ್ರಿ, ಅದರಾಗ ಅವರ ಹೆಸರಿನ ಅಕ್ಷರ ಐತಿ, ಇಕಿದೂ ಐತಿ," ಎಂದಳು. ಇದ್ದೊಂದು ಗುಟ್ಟೂ ಹೋಯಿತು. ನಗು ಇಮ್ಮಡಿಯಾಯಿತು.

ಸೋದರತ್ತೆ ಮಾತ್ರ ನಗು ನಿಲ್ಲಿಸಿದರು. "ಹಂಗಾರ ಇಂಗ್ಲೀಷ್ ಬರ್ತೈತಿ ಅಂದಿದ್ರಲ್ಲ ನಿಮ್ಮಪ್ಪ?"

"ಅಕ್ಷರ ಅಷ್ಟ ಬರ್ತಾವ್ರಿ." ನನ್ನ ದನಿ ನನಗೇ ಕೇಳಿಸಲಿಲ್ಲ. ನನ್ನ ಅಪಮಾನ ಹೇಗೋ ನುಂಗುತ್ತಿದ್ದೆ. ಅಷ್ಟು ಮಂದಿಯ ಮುಂದೆ ಅಪ್ಪ ಸುಳ್ಳುಗಾರನಾದದ್ದು ಗಂಟಲಿನಿಂದ ಇಳಿಯಲಿಲ್ಲ.

ಊಟಕ್ಕೆಂದು ಅಂಗಡಿಯಿಂದ ಬಂದಿದ್ದ ನಮ್ಮವರು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಒಳಗೆ ಬಂದು ಗವಸನ್ನು ತೆಗೆದುಕೊಂಡು ಅಕ್ಷರಗಳ ಮೇಲೆ ಬೆರಳಾಡಿಸಿದರು. ಬೆರಳು ಎರಡು ಕಡೆ ನಿಂತಿತು. ಕಿವಿ ಕೆಂಪಗಾದವು.

"ಮನಾಯಿ ಐತಪಾ ನಿನಗ," ಎಂದರು ಸೋದರತ್ತೆ. "ಬ್ಯಾರೇದು ಕೊಡ್ಲೇನು?"

"ಬ್ಯಾಡತ್ತಿ, ಇದ ಇರ್ಲಿ."

ಅವರು ದಿಂಬಿಗೆ ಅದನ್ನೇ ತೊಡಿಸಿ, ಅಷ್ಟೂ ಹೆಂಗಸರ ಎದುರಿಗೆ ಪಡಸಾಲೆಯಲ್ಲಿ ಉರುಳಿಕೊಂಡರು, ಕೆನ್ನೆಯನ್ನು ಅಕ್ಷರಗಳ ಮೇಲೆಯೇ ಊರಿ.

"ಕಾಯ್ದೆ ಮುರದಿ ನೋಡು!" ಎಂದರು ಗುಮಾಸ್ತರು.

"ದಂಡ ಹಾಕೂದಿದ್ರ ಅಕಿ ಹಾಕ್ಲಿ ಬಿಡ್ರಿ," ಎಂದು ಕಣ್ಣು ಮುಚ್ಚಿದರು.

ನಾನು ಅಡಿಗೆಮನೆಗೆ ಓಡಿದೆ. ಸ್ವಲ್ಪ ಹೊತ್ತಿಗೆ ಅವರು ಊಟಕ್ಕೆ ಕುಳಿತಾಗ ಬಡಿಸಲು ನನ್ನನ್ನೇ ಕಳಿಸಿದರು. ಅವರ ಕೆನ್ನೆಯ ಮೇಲೆ ನನ್ನ ಹೊಲಿಗೆಯೆಲ್ಲ ಕೆಂಪಗೆ ಒತ್ತಿ ಮೂಡಿತ್ತು. ಮಜ್ಜಿಗೆ ತಾಟಿನ ಹೊರಗೆ ಹರಿಯಿತು.

"ನೋಡಿ ಬಡಸವಾ," ಎಂದರು ಸೋದರತ್ತೆ.

ಹೇಗೆ ನೋಡಲಿ? ತಲೆ ಎತ್ತಿದರೆ ಆ ಕೆನ್ನೆ.