ಮಾವನ ಯಂತ್ರದಲ್ಲಿದ್ದ ಸಾಕ್ಷಿ

ರೇಷ್ಮೆ ಎಳೆ ಕಡಿದ ಕೂಡಲೇ ಹುರಿ ಮಾಡುವ ಯಂತ್ರವನ್ನು ನಿಲ್ಲಿಸುವ ಸಾಧನವೊಂದಕ್ಕೆ ಪೇಟೆಂಟ್ ಪಡೆದವನು ನಾನು. ಹೊರದೇಶದಲ್ಲಿ ತಯಾರಾದ ಅದರ ನಕಲು ನಮ್ಮ ರೇಷ್ಮೆಯೂರು ವಿಜಯಪುರದ ಹುರಿ ಷೆಡ್ಡುಗಳಲ್ಲೆಲ್ಲ ಬಂದು ಕೂತಿತ್ತು. ಕಸ್ಟಮ್ಸ್‌ನವರು ಅದನ್ನು ತಡೆಯಬೇಕಾದರೆ ಕೋರ್ಟಿನ ಆದೇಶ ಬೇಕು, ಆದೇಶಕ್ಕೆ ಬಿಲ್ ಸಮೇತ ಒಂದು ನಕಲು ಬೇಕು ಎಂದರು ವಕೀಲರು. ನನಗೆ ಗೊತ್ತಿದ್ದಂತೆ ಬಿಲ್ ಇಟ್ಟುಕೊಂಡಿದ್ದವರು ಸೋದರಮಾವ ಒಬ್ಬರೇ. ನಕಲು ಕೊಂಡವರು ಅವರು, ಕಳ್ಳನಂತೆ ಅವರ ಷೆಡ್ಡಿನ ಬಾಗಿಲಲ್ಲಿ ನಿಂತವನು ನಾನು.

ಬೈಯುತ್ತಾರೆ ಅಂದುಕೊಂಡಿದ್ದೆ. ಮಾವ ಸ್ಪ್ಯಾನರ್ ಕೈಗೆತ್ತಿಕೊಂಡರು.

"ಬಿಚ್ಕೊಡ್ತೀನಿ ಕಣಪ್ಪಾ, ಕೋರ್ಟಿಗೂ ಬಂದು ಹೇಳ್ತೀನಿ. ಆದ್ರೆ ಮಿಷನ್ ನಿಲ್ಸಕ್ಕಾಗಲ್ಲ. ಈ ಜಾಗಕ್ಕೆ ನಿಂದೇ ಒಂದು ಹಾಕ್ಕೊಟ್ಟು ಹೋಗು."

ನಕಲು ಬಂದ ಮೇಲೆ ನಾನು ತಯಾರಿಕೆಯನ್ನೇ ನಿಲ್ಲಿಸಿದ್ದೆ. ಚೀಲದಲ್ಲಿದ್ದದ್ದು ಪೇಟೆಂಟ್ ಸರ್ಟಿಫಿಕೇಟ್ ಮಾತ್ರ. ಅದನ್ನು ಯಾವ ಬೋಲ್ಟಿಗೆ ಬಿಗಿಯಲಿ?