ಪೆನ್ಸಿಲ್ ಕಾಲೂರದ ಕಾರ್ಡು

ಮೊಣಕಾಲು ಎರಡೂ ಸವೆದಿವೆ, ಕಣ್ಣು ಹೊಸದರಂತಿದೆ, ಬೆನ್ನು ಇನ್ನೂ ಹತ್ತು ವರ್ಷ ತಡೆದೀತು, ನಾಲಗೆ ಮಾತ್ರ ಬಳಸಿದ ಗುರುತೇ ಇಲ್ಲ. ನನ್ನ ಮುದ್ರಣಾಲಯಕ್ಕೆ ಕೆಲಸ ಕೇಳಿಕೊಂಡು ಬಂದ ದಿನ ಗೀಟಣ್ಣನನ್ನು ನಾನು ತೂಗಿದ್ದು ಹೀಗೆ. ಹಳೇ ಸಾಮಾನು, ಆದರೆ ಮೋಸವಿಲ್ಲದ ಸಾಮಾನು. ಕಾಗದ ಕತ್ತರಿಸುವ ಯಂತ್ರದ ಮುಂದೆ ಸ್ಟೂಲು ಹಾಕಿ ಕೂರಿಸಿದೆ.

ಅದಕ್ಕೆ ಮೊದಲು ಇಪ್ಪತ್ತೆರಡು ವರ್ಷ ಅವನು ಊರಾಚೆಯ ಗಾಲ್ಫ್ ಕ್ಲಬ್ಬಿನಲ್ಲಿ ಕ್ಯಾಡಿ. ಎಂದರೆ, ಆಡುವವರ ಕೋಲುಗಳ ಚೀಲ ಹೊತ್ತು ಅವರ ಹಿಂದೆ ಹದಿನೆಂಟು ಗುಳಿ ಸುತ್ತುವವನು. ಮೊಣಕಾಲು ಅಲ್ಲೇ ಉಳಿಯಿತು, ಮಿಕ್ಕಿದ್ದು ನನ್ನಲ್ಲಿಗೆ ಬಂತು. ಅಂಗಿಯ ಜೇಬಿನಲ್ಲಿ ಸದಾ ಒಂದು ಉಕ್ಕಿನ ಅಡಿಪಟ್ಟಿ. ಬಿಡುವಾದರೆ ರದ್ದಿ ಹಾಳೆಯ ಮೇಲೆ ಗೀಟು ಎಳೆಯುತ್ತ ಕೂರುತ್ತಿದ್ದ. ಗೀಟಣ್ಣ ಎಂದು ಹೆಸರಿಟ್ಟವಳು ಅವನ ಹೆಂಡತಿಯೇ. ಅವಳು ನಮ್ಮ ಬೈಂಡಿಂಗ್ ಕೋಣೆಯಲ್ಲಿ ಹಾಳೆ ಮಡಿಸುತ್ತಾಳೆ, ವಯಸ್ಸಿನಲ್ಲಿ ನನಗಿಂತ ಚಿಕ್ಕವಳಾದರೂ ನಾನೂ ಸೇರಿ ಎಲ್ಲರಿಗೂ ಅತ್ತಿಗೆ. ಗಂಡ ಉಳಿಸಿದ ಮಾತನ್ನೆಲ್ಲ ಇವಳು ಖರ್ಚು ಮಾಡುತ್ತಾಳೆ.

ಗೀಟಣ್ಣನಿಗೆ ಇದ್ದದ್ದು ಒಂದೇ ಆಸೆ. ಕ್ಲಬ್ಬಿನ ಮೊದಲ ಗುಳಿಗೆ ಹೊರಡುವ ಜಾಗದಲ್ಲಿ ದೊಡ್ಡ ಛತ್ರಿಯ ಕೆಳಗೆ ಒಂದು ಮೇಜು ಇದೆ. ಅಲ್ಲಿ ಕೂತವನು ಆಟಗಾರರ ಸರದಿ ಕೂಗಿ, ಅಂಕ ಬರೆಯುವ ಕಾರ್ಡನ್ನೂ ಪೆನ್ಸಿಲ್ಲನ್ನೂ ಕೊಟ್ಟು ಕಳಿಸುತ್ತಾನೆ. ಆ ಜಾಗ ಸದ್ಯದಲ್ಲೇ ಖಾಲಿಯಾಗುವುದಿತ್ತು.

"ಇಪ್ಪತ್ತೆರಡು ವರ್ಷದಲ್ಲಿ ಆ ಹುಲ್ಲಿನ ಮೇಲೆ ಒಂದ್ಸಲನೂ ಕೂತಿಲ್ಲ ಯಜಮಾನ್ರೇ," ಎಂದಿದ್ದ. ಅವನ ಬಾಯಿಂದ ನಾನು ಕೇಳಿದ ಅತಿ ಉದ್ದದ ಮಾತುಗಳಲ್ಲಿ ಅದೂ ಒಂದು.

ವಾರ್ಷಿಕ ಪಂದ್ಯದ ಕಾರ್ಡು ಅಚ್ಚು ಮಾಡುವ ಕೆಲಸ ನಮಗೆ ಬಂತು. ಕ್ಲಬ್ಬಿನ ಕಾರ್ಯದರ್ಶಿ ತಾವಾಗಿಯೇ ಹೇಳಿದರು: "ನಮ್ಮ ಹಳೇ ಕ್ಯಾಡಿ ನಿಮ್ಮಲ್ಲೇ ಇದಾನಲ್ಲ, ಅವನ ಕೈಲೇ ಮಾಡ್ಸಿ. ಚೆನ್ನಾಗಿ ಬಂದ್ರೆ ಆ ಮೇಜಿನ ವಿಷಯ ನೋಡೋಣ."

ಅಂಗೈಯಗಲದ ಕಾಗದಕ್ಕೆ ಅವನು ಹತ್ತೊಂಬತ್ತು ದಿನ ತೆಗೆದುಕೊಂಡ. "ಏನಪ್ಪಾ, ಅರಮನೆ ಕಟ್ತಿದೀಯಾ?" ಎಂದು ನಾನು ದಿನಾ ಕೆಣಕುತ್ತಿದ್ದೆ. ಇಪ್ಪತ್ತನೇ ದಿನ ಮಾದರಿ ತಂದ. ಮೇಜಿನ ಮೇಲಿಟ್ಟು ನೋಡಲು ಹೋದರೆ ಬಿಡಲಿಲ್ಲ.

"ಹಿಂದಿನ ಜೇಬಲ್ಲಿಟ್ಟು ಕೂತ್ಕೊಳ್ಳಿ."

ಕೂತೆ. ಎಬ್ಬಿಸಿದ. ಅಂಗೈಗೆ ನೀರು ಚಿಮುಕಿಸಿ, ಮೋಟು ಪೆನ್ಸಿಲ್ಲು ಕೊಟ್ಟು, ನನ್ನನ್ನು ಅಂಗಳಕ್ಕೆ ಅಟ್ಟಿದ. "ನಡೀತಾ ಬರೀರಿ. ಮೂರನೇ ಗುಳಿ, ಐದು. ನಾಲ್ಕನೇದು, ಏಳು. ನಿಲ್ಬೇಡಿ!"

ಕಿಟಕಿಯಿಂದ ಅತ್ತಿಗೆ ಕೂಗಿದಳು: "ಯಜಮಾನ್ರು ದುಡೀತಿದಾರೆ, ಯಾರಾದ್ರೂ ಫೋಟೋ ತೆಗೀರೋ!"

ನಗೆಯಲ್ಲೇ ಬರೆದೆ. ಆದರೆ ನೋಡಿದರೆ ಒಂದೊಂದು ಅಂಕೆಯೂ ತನ್ನ ಮನೆಯಲ್ಲೇ ಬಿದ್ದಿತ್ತು. ಮನೆ ಹೆಬ್ಬೆರಳಿನಷ್ಟು ಅಗಲ. ಗೀಟು ಬೂದಿ ಬಣ್ಣದ್ದು, ಪೆನ್ಸಿಲ್ಲಿನ ಕಪ್ಪಿಗೆ ಎದುರಾಡದಷ್ಟು ತೆಳು. ಒಂಬತ್ತು ಗುಳಿ ಮಡಿಕೆಯ ಈ ಕಡೆ, ಒಂಬತ್ತು ಆ ಕಡೆ. ಗಾಳಿಯಲ್ಲಿ ಕಾರ್ಡು ಪೂರ್ತಿ ಬಿಚ್ಚುವ ಗೋಜಿಲ್ಲ. ತನ್ನ ಏಟು ಬರೆದುಕೊಳ್ಳುವ ಸಾಲಿಗೂ ಜೊತೆಗಾರನದನ್ನು ಬರೆಯುವ ಸಾಲಿಗೂ ನಡುವೆ ಬೇರೆ ಬಣ್ಣದ ಅಗಲವಾದ ಪಟ್ಟಿ.

"ಅಷ್ಟು ದೂರ ಯಾಕೆ?" ಎಂದೆ.

"ಇಲ್ಲಿ ಅವ್ರ ಏಟು ಇವ್ರು, ಇವ್ರ ಏಟು ಅವ್ರು ಬರೀಬೇಕು. ಕೊನೇಲಿ ಆಡಿದವ್ರು ನೋಡಿ ಸಹಿ ಹಾಕ್ತಾರೆ. ಕಡಿಮೆ ಏಟಿನವ್ರು ಗೆಲ್ಲೋ ಆಟ. ಯಾವ್ದಾದ್ರೂ ಗುಳಿಗೆ ಹೊಡೆದಿದ್ದಕ್ಕಿಂತ ಒಂದೇಟು ಕಡಿಮೆ ಇದ್ದು ಸಹಿ ಬಿತ್ತೋ, ಪಂದ್ಯದಿಂದಲೇ ಆಚೆ. ಬೇಕಂತ ಮಾಡ್ಲಿ, ಕಣ್ತಪ್ಪಿ ಮಾಡ್ಲಿ."

"ಕ್ಲಬ್ಬಿನ ಲಾಂಛನ ಎಲ್ಲಯ್ಯಾ?"

"ಹಿಂದುಗಡೆ. ಅದನ್ನ ಯಾರೂ ಆಡಲ್ಲ."

ಕಾಗದವನ್ನೂ ಅವನೇ ಆರಿಸಿದ್ದ, ಬೆರಳಿಗೆ ಸ್ವಲ್ಪ ತರಿತರಿಯಾಗಿ ತಾಗುವ ದಪ್ಪ ಕಾಗದ. ಇಲ್ಲಿ ನನ್ನ ಬುದ್ಧಿ ಕೆಲಸ ಮಾಡಿತು. ಯಾವುದೋ ಹೋಟೆಲಿನ ತಿಂಡಿಪಟ್ಟಿಗೆಂದು ತರಿಸಿ, ಆ ಕೆಲಸ ರದ್ದಾಗಿ, ಗೋದಾಮಿನಲ್ಲಿ ಹೊಳಪಿನ ಕಾಗದದ ಆರು ಕಟ್ಟು ಎರಡು ವರ್ಷದಿಂದ ಬಿದ್ದಿತ್ತು. ಅದನ್ನು ಯಂತ್ರದ ಮೇಲೆ ಹಾಕಿಸಿದೆ.

ಗೀಟಣ್ಣ ಹಾಳೆ ಮುಟ್ಟಿ ನೋಡಿ ಎದ್ದು ನನ್ನ ಕೋಣೆಗೆ ಬಂದ. ಆ ಮೊಣಕಾಲಿಗೆ ನಾಲ್ಕು ಮೆಟ್ಟಿಲು. "ಯಜಮಾನ್ರೇ, ಇದರ ಮೇಲೆ ಪೆನ್ಸಿಲ್ ಕಾಲೂರಲ್ಲ."

ಮೇಜಿನ ಮೇಲೆ ಹೊಸ ಪೆನ್ಸಿಲ್ಲಿನಿಂದ ಒತ್ತಿ ಬರೆದು ತೋರಿಸಿದೆ. "ಊರ್ತಲ್ಲ! ದೊಡ್ಡವರಿಗೆ ಹೊಳಪು ಬೇಕು ಕಣಯ್ಯಾ. ಕತ್ತರಿಸು ಹೋಗು."

ಕತ್ತರಿಸಿದ.

ಪಂದ್ಯದ ಬೆಳಿಗ್ಗೆ ಜಿನುಗು ಮಳೆ. ಮಧ್ಯಾಹ್ನದ ಹೊತ್ತಿಗೆ ಕಾರ್ಡುಗಳ ಮೇಲೆ ಅಂಕೆಯ ಬದಲು ಬೂದು ಜಾರುಬಂಡಿ. ಎಲ್ಲರಿಗಿಂತ ಕಡಿಮೆ ಏಟಿನಲ್ಲಿ ಮುಗಿಸಿದವರು ಒಬ್ಬ ಹಲ್ಲಿನ ಡಾಕ್ಟರು. ಹದಿಮೂರನೇ ಗುಳಿಯ ಐದು ಒರೆಸಿಹೋಗಿತ್ತು. ಜೊತೆಗಾರರು ಕೊನೆಗೆ ನೆನಪಿನಿಂದ ತಿದ್ದಿ ಬರೆದರು, ನಾಲ್ಕು ಎಂದು. ಡಾಕ್ಟರು ಗಮನಿಸದೆ ಸಹಿ ಹಾಕಿದರು. ಗೆದ್ದವರು ಹೊರಗಾದರು.

ಮರುದಿನ ಕ್ಲಬ್ಬಿನ ಸಮಿತಿ ನನ್ನನ್ನೂ ಗೀಟಣ್ಣನನ್ನೂ ಕರೆಸಿತು. ಉದ್ದ ಮೇಜು, ಏಳು ಕುರ್ಚಿ, ಡಾಕ್ಟರ ಕಡುಗೋಪ. ನಮಗೆ ಕೂರಲು ಹೇಳಲಿಲ್ಲ. ಕಾರ್ಯದರ್ಶಿ ಕಾರ್ಡನ್ನು ಸತ್ತ ಇಲಿಯಂತೆ ಎತ್ತಿ ಹಿಡಿದರು. "ಇದನ್ನ ಮಾಡಿದ್ದು ಯಾರು?"

ನಾನು ವ್ಯಾಪಾರಿ. ಸುಳ್ಳು ಹೇಳುವುದಿಲ್ಲ, ನಿಜದಲ್ಲಿ ಬೇಕಾದಷ್ಟನ್ನೇ ಕತ್ತರಿಸಿ ಕೊಡುತ್ತೇನೆ. "ಕಾರ್ಡು ಪೂರ್ತಿ ಇವನದೇ ಕೆಲಸ ಸ್ವಾಮಿ," ಎಂದೆ.

ಗೀಟಣ್ಣ ನನ್ನ ಕಡೆ ನೋಡಿದ. ನಾನು ಕಿಟಕಿಯ ಕಡೆ ನೋಡಿದೆ. "ಹೌದು, ಗೀಟು ನಾನೇ ಹಾಕಿದ್ದು," ಎಂದ. ಮುಂದಿನ ಮಾತಿಗೆ ನನಗೆ ಜಾಗ ಬಿಟ್ಟು ಸುಮ್ಮನಾದ. ಆ ಜಾಗ ಖಾಲಿಯೇ ಉಳಿಯಿತು.

"ಕಾರ್ಡ್ ಮಾಡೋಕೇ ಬರದವನು ಕಾರ್ಡ್ ಹಂಚ್ತಾನಂತೆ!" ಎಂದರು ಕಾರ್ಯದರ್ಶಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಛತ್ರಿಯ ಕೆಳಗಿನ ಕುರ್ಚಿಗೆ ಅವರ ಭಾವಮೈದುನ ಬಂದು ಕೂತ.

ವಾಪಸು ಬಂದ ಕಾರ್ಡಿನ ಕಟ್ಟುಗಳನ್ನು ಅತ್ತಿಗೆ ನನ್ನ ಮೇಜಿನ ಮೇಲೆ ದೊಪ್ಪೆಂದು ಇಟ್ಟಳು. "ನಮ್ಮೋರು ಇಪ್ಪತ್ತೆರಡು ವರ್ಷ ಬೇರೆಯೋರ ಚೀಲ ಹೊತ್ತಿದಾರೆ ಯಜಮಾನ್ರೇ, ಅಭ್ಯಾಸ ಇದೆ ಬಿಡಿ. ನಿಮ್ದೂ ಒಂದು."

ಮಾರನೇ ವರ್ಷ ಹಳೇ ಮಾದರಿಯನ್ನೇ ಡ್ರಾಯರಿನಿಂದ ತೆಗೆದು, ತರಿತರಿ ಕಾಗದದ ಮೇಲೆ ಒಂದು ಗೀಟೂ ಬದಲಿಸದೆ ಅಚ್ಚು ಹಾಕಿ, ಹೊಸ ಕಾರ್ಡು ಎಂದು ಕೊಟ್ಟೆ. "ಈ ಸಲ ತಲೆ ಓಡ್ಸಿದೀರಿ," ಎಂದು ಕಾರ್ಯದರ್ಶಿ ನನ್ನ ಬೆನ್ನು ತಟ್ಟಿದರು. ನಾನು ತಲೆ ಬಾಗಿಸಿದೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೈ ಒಬ್ಬನದು, ಬಾಯಿ ಇನ್ನೊಬ್ಬನದು ಆದರೂ ಗಾದೆ ನಡೆಯುತ್ತದೆ.

ಇದು ಆರನೇ ವರ್ಷ. ಕಾರ್ಡಿನ ಕೆಳಗೆ ನನ್ನ ಮುದ್ರಣಾಲಯದ ಹೆಸರಿದೆ. ಕತ್ತರಿಸುವವನು ಅವನೇ, ಮಡಿಸುವವಳು ಅವಳೇ. ಪ್ರತಿ ವರ್ಷ ಮೊದಲ ಕಾರ್ಡು ಹೊರಬಂದಾಗ ಅವನು ಅದರ ಮೇಲೆ ಒದ್ದೆ ಬೆರಳಿಟ್ಟು, ಮೋಟು ಪೆನ್ಸಿಲ್ಲಿನಿಂದ ಒಂದು ಐದು ಬರೆದು, ನನ್ನ ಮೇಜಿಗೆ ಕಳಿಸುತ್ತಾನೆ. ಪರೀಕ್ಷೆಗಂತೆ. ಆರು ಕಾರ್ಡುಗಳೂ ಡ್ರಾಯರಿನಲ್ಲಿವೆ.

ಆ ಏಳು ಕುರ್ಚಿಗಳ ಮುಂದೆ "ಕಾಗದ ಬದಲಾಯಿಸಿದ್ದು ನಾನು" ಎಂಬ ಒಂದು ಮಾತನ್ನು ನಾನು ಗೀಟಣ್ಣನಿಗೆ ಕೊಡಬೇಕಿತ್ತು, ಇನ್ನೂ ಕೊಟ್ಟಿಲ್ಲ.