ಅದ್ದುಚ್ಚನ ಹಲಸಿಗೆ ಪ್ರೀಮಿಯಂ ಲಿಸ್ಟಿಂಗ್

"ನನ್ನ ಮರವನ್ನು ಯಾರಿಗೆ ಮಾರಿದ್ದು ಯಶೋದಕ್ಕಾ?"

ಕಳೆದ ಸೋಮವಾರ ಬೆಳಗ್ಗೆ ರಾಮಕುಂಜದ ನನ್ನ ಅಕ್ಕನ ಫೋನಿನಲ್ಲಿ ಗುಡುಗಿದವರು ಸವಣೂರಿನ ವ್ಯಾಪಾರಿ ಅಬ್ದುಲ್ಲ ಬ್ಯಾರಿ, ಊರಿಗೆಲ್ಲ ಅದ್ದುಚ್ಚ. ಪಕ್ಕದಲ್ಲಿ ನೀರುದೋಸೆ ತಿನ್ನುತ್ತಿದ್ದ ನನಗೂ ಕೇಳಿಸಿತು.

ಅಕ್ಕ ಹಲಸಿನ ಕಸಿ ಗಿಡ ಮಾಡಿ ಮಾರುತ್ತಾಳೆ. ಯಾರ ಮನೆಯ ಮರದಿಂದ ಕೊಂಬೆ ತಂದಳೋ, ಗಿಡದ ಚೀಟಿಯಲ್ಲಿ ಅವರದ್ದೇ ಹೆಸರು. ಅದ್ದುಚ್ಚನ ಅಡುಗೆಮನೆ ಹಿಂದಿನ ಮರದ್ದು 'ಸವಣೂರು ಅದ್ದುಚ್ಚ ಹಲಸು'. ಕೊಂಬೆಗೆ ಅವರು ದುಡ್ಡು ತಗೊಳ್ಳುವುದಿಲ್ಲ, ಹೆಸರು ಹಾಕಿದರೆ ಸಾಕು. ಅಕ್ಕನಿಗೊಂದು ವೆಬ್‌ಸೈಟ್ ಮಾಡಿಕೊಟ್ಟವನು ನಾನು. (ಬೇರೆ ಕೆಲಸ ಇಲ್ಲವಾ ಎಂದು ಕೇಳಬೇಡಿ, ಇಲ್ಲ.)

ಆದದ್ದಿಷ್ಟು. ವ್ಯಾಪಾರಿಗಳ ವಿಳಾಸ, ನಂಬರ್ ಪಟ್ಟಿ ಮಾಡುವ ಯಾವುದೋ ವೆಬ್ ಡೈರೆಕ್ಟರಿಯವರು ನಮ್ಮ ಪುಟವನ್ನು ಫೋಟೋ ಸಮೇತ ಎತ್ತಿ ಹಾಕಿಕೊಂಡಿದ್ದರು. ಅಕ್ಕನ ನಂಬರಿನ ಜಾಗದಲ್ಲಿ ಅವರ ನಂಬರ್! ಅದರಲ್ಲಿ ತಮ್ಮ ಹಲಸನ್ನು ಕಂಡ ಅದ್ದುಚ್ಚ ಖುಷಿಯಲ್ಲಿ ಆ ನಂಬರಿಗೆ ಫೋನ್ ಮಾಡಿದರೆ, "ಅದು ನಮ್ಮ ಫಾರ್ಮಿನ ಮರ ಸರ್" ಎಂದನಂತೆ ಒಬ್ಬ.

"ಅವನ ಫಾರ್ಮ್ ಅಂತೆ! ನಾನೀಗ ಮರದ ಬುಡದಲ್ಲೇ ನಿಂತದ್ದು. ಇನ್ನು ನಿಮಗೆ ಒಂದು ಕೊಂಬೆಯೂ ಇಲ್ಲ" ಎಂದು ಅದ್ದುಚ್ಚ ಫೋನ್ ಇಟ್ಟರು.

ಅಕ್ಕನ ಮುಖ ಸಪ್ಪಗಾಯಿತು. "ಗಿರಾಕಿ ಹೋದರೆ ಹೋಗ್ಲಿ. ನನ್ನನ್ನು ಕಳ್ಳಿ ಅಂತ ಎಣಿಸಿದ್ರಲ್ಲ ಮಾರಾಯ!"

ನನಗೆ ಪಿತ್ತ ನೆತ್ತಿಗೇರಿತು. ಡೈರೆಕ್ಟರಿಗೆ ಫೋನ್ ಮಾಡಿದೆ. ಆಹಾ, ಎಂಥಾ ವಿನಯ! "ಪ್ರೀಮಿಯಂ ಲಿಸ್ಟಿಂಗ್ ತಗೊಳ್ಳಿ ಸರ್, ನಿಮ್ಮ ನಂಬರನ್ನೇ ಹಾಕ್ತೇವೆ." ಕದ್ದದ್ದು ಅವರು, ಫೀಸು ಕಟ್ಟಬೇಕಾದವರು ನಾವು! ಆದರೂ ಪೀಡೆ ತೊಲಗಲಿ, ಕಟ್ಟಿಬಿಡುವ ಎಂದೆ. (ನನ್ನ ಕೋಪದ ಆಯುಷ್ಯ ಅಷ್ಟೇ.)

"ಎಂತ ಕಟ್ಟುದು? ಮೊದಲು ಸವಣೂರಿಗೆ ಹೋಗುವ. ಬೈಕ್ ತೆಗಿ" ಎಂದಳು ಅಕ್ಕ.

ಅದ್ದುಚ್ಚ ಜಗಲಿಯಲ್ಲಿ ಮುಖ ಊದಿಸಿಕೊಂಡು ಕೂತಿದ್ದರು. ಅಕ್ಕ ತಂದ ಕಸಿ ಗಿಡವನ್ನು ಅವರೆದುರು ಇಟ್ಟಳು. "ಚೀಟಿ ಓದಿ ಅದ್ದುಚ್ಚ. ಕದ್ದವಳು ಯಜಮಾನನ ಹೆಸರು ಬರೀತಾಳಾ?"

ಅವರು ಓದಿದರು. ಮೊಬೈಲ್ ತೆಗೆದು ಡೈರೆಕ್ಟರಿಯ ಫೋಟೋ ದೊಡ್ಡದು ಮಾಡಿ ನೋಡಿದರು. ಅಲ್ಲೂ ಅದೇ ಚೀಟಿ, ಅಕ್ಕನದ್ದೇ ಅಕ್ಷರ! ಕೂಡಲೇ ಸ್ಪೀಕರ್ ಹಾಕಿ ಆ ನಂಬರಿಗೆ ಫೋನ್ ಮಾಡಿದರು.

"ನಿನ್ನ ಫಾರ್ಮಿನ ಗಿಡದ ಚೀಟಿಯಲ್ಲಿ ಎಂತ ಬರೆದುಂಟು, ಓದು."

"ಸರ್... ಕನ್ನಡ ಓದ್ಲಿಕ್ಕೆ ಬರಲ್ಲ ಸರ್."

"ಹಾಗಾದ್ರೆ ಕೇಳು, ಅದು ನನ್ನ ಹೆಸರು!"

ಆ ಕಡೆ ಫೋನ್ ಕಟ್ಟಾಯಿತು. ಅದ್ದುಚ್ಚ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ತಗ್ಗಿದ ದನಿಯಲ್ಲಿ, "ತಪ್ಪಾಯ್ತು ಯಶೋದಕ್ಕಾ, ಬಾಯಿಗೆ ಬಂದದ್ದು ಹೇಳಿಬಿಟ್ಟೆ" ಎಂದರು. ಕತ್ತಿ ಹಿಡಿದು ತಾವೇ ಹೋಗಿ ಕೊಂಬೆ ಕಡಿದುಕೊಟ್ಟರು. ಚಹಾ ಕುಡಿಯದೆ ಬಿಡಲಿಲ್ಲ. ವಾಪಸ್ ಬರುವಾಗ ಬೈಕಿನ ಹಿಂದೆ ಅಕ್ಕ ದಾರಿಯುದ್ದಕ್ಕೂ ಮಾತಾಡುತ್ತಲೇ ಇದ್ದಳು. ನನಗೂ ಖುಷಿ.

ನಿನ್ನೆ ಡೈರೆಕ್ಟರಿಯಿಂದ ಮತ್ತೆ ಫೋನ್: "ಸರ್, ನಿಮಗೆ ಮಾತ್ರ ಅರ್ಧ ರೇಟು."

ಅಲ್ಲ ಮಾರಾಯ್ರೆ, ನಮ್ಮ ಹೆಸರನ್ನು ನಮಗೇ ಮಾರಲು ಬರುವವರಿಗೆ ನಾವೇ ಯಾಕೆ ಗಿರಾಕಿ ಆಗಬೇಕು?